ಮರಳುಗ್ರಹದ ನೀರು ಮತ್ತು ನಂಬಿಕೆ

‘ಡ್ಯೂನ್’ ಚಿತ್ರದ ಒಂದು ದೃಶ್ಯಕ್ಕೆ ಜತ್ ತಾಲೂಕಿನವರಿಗೆ ವ್ಯಾಖ್ಯಾನ ಬೇಕಿಲ್ಲ. ಮರುಭೂಮಿಯ ಮುಖಂಡನು ಹೊಸ ಒಡೆಯನ ಮೇಜಿನ ಮೇಲೆ ಉಗುಳುತ್ತಾನೆ, ಕಾವಲಿನವರು ಕೆರಳುತ್ತಾರೆ. ಅದು ಅವಮಾನವಲ್ಲ, ಹನಿ ನೀರೂ ದುರ್ಲಭವಾದ ನಾಡಿನಲ್ಲಿ ತನ್ನ ಮೈಯ ತೇವವನ್ನೇ ಅರ್ಪಿಸುವ ಗೌರವ.

ಫ್ರಾಂಕ್ ಹರ್ಬರ್ಟ್ ಅವರ 1965ರ ಕಾದಂಬರಿಯನ್ನು ಆಧರಿಸಿದ ಡೆನಿ ವಿಲ್ನೆವ್ ಅವರ ಎರಡು ಭಾಗಗಳು 2021 ಮತ್ತು 2024ರಲ್ಲಿ ತೆರೆಕಂಡವು. ಅರಾಕಿಸ್ ಗ್ರಹದ ‘ಸ್ಪೈಸ್’ ಇಲ್ಲದೆ ನಕ್ಷತ್ರಯಾನವಿಲ್ಲ. ಅದಕ್ಕಾಗಿ ಹೊರಗಿನ ಮನೆತನಗಳು ಕಾದಾಡುತ್ತವೆ. ಇದರಲ್ಲಿ ಖನಿಜ ತೈಲದ ರಾಜಕಾರಣವನ್ನು ಕಾಣುವುದು ಸುಲಭ. ಧರ್ಮದ ಎಳೆ ಇನ್ನೂ ಸೂಕ್ಷ್ಮವಾದುದು. ರಕ್ಷಕನೊಬ್ಬ ಬರುವನೆಂಬ ಭವಿಷ್ಯವಾಣಿಯನ್ನು ಬೆನಿ ಜೆಸೆರಿಟ್ ಎಂಬ ಸ್ತ್ರೀಸಂಘವು ತನ್ನ ಅನುಕೂಲಕ್ಕಾಗಿ ಅಲ್ಲಿ ಮೊದಲೇ ಬಿತ್ತಿರುತ್ತದೆ. ಪಾಲ್ ಎಂಬ ತರುಣನಿಗೆ ಸಲ್ಲುವ ‘ಮಹ್ದಿ’ ಎಂಬ ಹೆಸರು ಇಸ್ಲಾಮಿ ಪರಂಪರೆಯದು.

ಆ ಬೀಜ ಮೊಳೆತದ್ದೇಕೆ? ಅಲ್ಲಿನ ಫ್ರೆಮೆನ್ ಜನ ಸತ್ತವರ ದೇಹದ ನೀರನ್ನೂ ಗುಹೆಯ ಕೊಳದಲ್ಲಿ ಕೂಡಿಡುತ್ತಾರೆ; ಬಾಯಾರಿ ಸಾಯುವಾಗಲೂ ಅದನ್ನು ಕುಡಿಯರು. ಎಂದಾದರೊಂದು ದಿನ ನೆಲ ಹಸಿರಾಗಬೇಕು. ಹಸಿರು ತರುವವನೇ ಅವರಿಗೆ ದೇವದೂತ.

ಜತ್ತಿನಲ್ಲಿ ದೇವದೂತರಿಲ್ಲ, ಭರವಸೆಗಳುಂಟು. 2022ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಇಲ್ಲಿನ ಹಳ್ಳಿಗಳ ಠರಾವನ್ನು ಪ್ರಸ್ತಾಪಿಸಿದಾಗ ಗಡಿಯ ಮಾತು ಕೃಷ್ಣೆಯ ನೀರಿನ ಮಾತಾಯಿತು. ಮ್ಹೈಸಾಳ ಏತ ನೀರಾವರಿಯ ಹೆಸರು ಮತ್ತೆ ಕೇಳಿಬಂತು.

ಚಿತ್ರದಲ್ಲಿ ಭವಿಷ್ಯವಾಣಿಯನ್ನು ಶಂಕಿಸುವವಳು ಚಾನಿ, ಫ್ರೆಮೆನ್ ಜನರದೇ ಹುಡುಗಿ. ಪಾಲ್ ಪಟ್ಟಕ್ಕೇರಿ ಅನುಯಾಯಿಗಳು ಧರ್ಮಯುದ್ಧಕ್ಕೆ ಹೊರಟಾಗ ಅವಳೊಬ್ಬಳೇ ಮರಳಿನತ್ತ ಹೊರಡುತ್ತಾಳೆ. ಅರಾಕಿಸ್‌ನಲ್ಲಿ ಇನ್ನೂ ಮಳೆಯಾಗಿಲ್ಲ.