ಪಾರ್ಶ್ವವಾಯು: ಆಂಬುಲೆನ್ಸ್‌ನಲ್ಲೇ ಉತ್ತರ ಹೇಳೀತೇ ಮೈಕ್ರೊವೇವ್ ಹೆಲ್ಮೆಟ್?

ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಒಂದು ಕೈ ಮೇಲೇಳುತ್ತಿಲ್ಲ, ಮಾತು ತೊದಲುತ್ತಿದೆ. ಲಕ್ವ ಹೊಡೆದಿದೆಯೆಂದು ಮನೆಯವರಿಗೂ ತಿಳಿಯುತ್ತದೆ. ಆದರೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಅಥವಾ ನಾಳವೇ ಒಡೆದು ರಕ್ತ ಸೋರುತ್ತಿದೆಯೋ ಎಂಬುದನ್ನು ಹೊರಗಿನಿಂದ ನೋಡಿ ಖಚಿತವಾಗಿ ಹೇಳಲು ನುರಿತ ವೈದ್ಯರಿಗೂ ಆಗದು.

ಚಿಕಿತ್ಸೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಹೆಪ್ಪನ್ನು ಕರಗಿಸುವ ಆಲ್ಟೆಪ್ಲೇಸ್ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಯೊಳಗೆ ನೀಡಬೇಕು. ಅದನ್ನೇ ರಕ್ತಸ್ರಾವದ ರೋಗಿಗೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಆಸ್ಪತ್ರೆ ತಲುಪಿ ಸ್ಕ್ಯಾನ್ ಆಗುವವರೆಗೆ ಕಾಯಲೇಬೇಕು. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ತಿಳಿಸಿತ್ತು. ಜರ್ಮನಿಯ ಹೋಂಬುರ್ಗ್‌ನಲ್ಲಿ 2008ರಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರವನ್ನೇ ಆಂಬುಲೆನ್ಸ್‌ಗೆ ಏರಿಸಲಾಯಿತು. ಅಂಥ ವಾಹನಗಳೇನೋ ಉಪಯುಕ್ತ, ಆದರೆ ಬಲು ದುಬಾರಿ.

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಹಿಡಿದದ್ದು ಬೇರೆ ದಾರಿ. ಪ್ರಾಧ್ಯಾಪಕ ಮಿಕಾಯೆಲ್ ಪರ್ಸನ್ ಅವರ ತಂಡವು ಸೈಕಲ್ ಸವಾರರ ಹೆಲ್ಮೆಟ್ಟಿನೊಳಗೆ ಸುತ್ತಲೂ ಅಂಟೆನಾಗಳನ್ನು ಜೋಡಿಸಿತು. ಒಂದು ಅಂಟೆನಾ ಸೂಕ್ಷ್ಮತರಂಗಗಳನ್ನು ತಲೆಯೊಳಗೆ ಕಳುಹಿಸುತ್ತದೆ, ಉಳಿದವು ಅವನ್ನು ಗ್ರಹಿಸುತ್ತವೆ. ಬಳಿಕ ಮತ್ತೊಂದರ ಸರದಿ. ರಕ್ತದ ವಿದ್ಯುತ್ ಗುಣಕ್ಕೂ ಮಿದುಳಿನ ಅಂಗಾಂಶದ ವಿದ್ಯುತ್ ಗುಣಕ್ಕೂ ವ್ಯತ್ಯಾಸವಿರುವುದರಿಂದ, ರಕ್ತ ಮಡುಗಟ್ಟಿದ್ದಲ್ಲಿ ತರಂಗಗಳು ಚದುರುವ ರೀತಿ ಬದಲಾಗುತ್ತದೆ. ಮೈಕ್ರೊವೇವ್ ಎಂದೊಡನೆ ಅಡುಗೆಮನೆಯ ಒಲೆ ನೆನಪಾಗಿ ಯಾರೂ ಬೆಚ್ಚಬೇಕಿಲ್ಲ. ಇಲ್ಲಿ ಬಳಸುವ ಶಕ್ತಿ ಮೊಬೈಲ್ ಫೋನಿನದಕ್ಕಿಂತಲೂ ಕಡಿಮೆ.

ಈ ಯಂತ್ರವು ಮಿದುಳಿನ ಚಿತ್ರ ಬಿಡಿಸುವುದೇ ಇಲ್ಲ ಎಂಬುದು ಗಮನಾರ್ಹ. ರೋಗನಿರ್ಣಯ ಈಗಾಗಲೇ ಖಚಿತವಾಗಿರುವ ರೋಗಿಗಳ ಸಂಕೇತಗಳನ್ನು ಗಣಕಯಂತ್ರಕ್ಕೆ ಕಲಿಸಿ, ಹೊಸ ರೋಗಿಯ ಸಂಕೇತ ಯಾವ ಗುಂಪನ್ನು ಹೋಲುತ್ತದೆ ಎಂದು ಕೇಳಲಾಗುತ್ತದೆ. ರಕ್ತಸ್ರಾವವೋ, ಅಲ್ಲವೋ? ಬೇಕಿರುವುದು ಅಷ್ಟೇ.

ತಂಡವು 2014ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ ಕ್ರಮವಾಗಿ 20 ಮತ್ತು 25 ರೋಗಿಗಳಿದ್ದರು. ಎರಡು ಬಗೆಯ ಪಾರ್ಶ್ವವಾಯುಗಳನ್ನು ಬೇರ್ಪಡಿಸಬಹುದೆಂದು ಅವು ತೋರಿಸಿದವು. ಆದರೆ ಒಂದೇ ಒಂದು ರಕ್ತಸ್ರಾವವೂ ತಪ್ಪಿಹೋಗದಂತೆ ಮಾನದಂಡವನ್ನು ಬಿಗಿಗೊಳಿಸಿದಾಗ, ರಕ್ತ ಹೆಪ್ಪುಗಟ್ಟಿದ್ದ ರೋಗಿಗಳಲ್ಲಿ ಒಂದು ಪಾಲಿನವರಿಗೆ ಮಾತ್ರ 'ರಕ್ತಸ್ರಾವವಿಲ್ಲ' ಎಂಬ ಭರವಸೆ ದೊರೆಯಿತು. ಮಿಕ್ಕವರು ಎಂದಿನಂತೆ ಸ್ಕ್ಯಾನ್‌ಗೆ ಕಾಯಬೇಕಾಗುತ್ತದೆ. ಬೇರೆ ಉಪಾಯವಿಲ್ಲ, ಇಲ್ಲಿ ಒಂದು ತಪ್ಪು ಉತ್ತರಕ್ಕೆ ತೆರಬೇಕಾದುದು ಒಂದು ಜೀವ. ಇಷ್ಟು ಕಡಿಮೆ ರೋಗಿಗಳನ್ನು ನಂಬಿ ಆಂಬುಲೆನ್ಸ್‌ನಲ್ಲಿ ಚುಚ್ಚುಮದ್ದು ಕೊಡಲು ಯಾವ ವೈದ್ಯರೂ ಒಪ್ಪಲಾರರು.

ತೊಡಕುಗಳು ಇನ್ನೂ ಇವೆ. ಒಬ್ಬರ ತಲೆಯ ಗಾತ್ರ ಇನ್ನೊಬ್ಬರದಕ್ಕಿಲ್ಲ, ಬುರುಡೆಯ ದಪ್ಪವೂ ಒಂದೇ ಅಲ್ಲ. ಅಂಟೆನಾಕ್ಕೂ ಚರ್ಮಕ್ಕೂ ನಡುವೆ ಗಾಳಿ ಉಳಿದರೆ ತರಂಗಗಳ ಬಹುಪಾಲು ಒಳಹೋಗದೆ ಹಿಂದಿರುಗುತ್ತದೆ. ರಕ್ತಸ್ರಾವ ಚಿಕ್ಕದಾದಷ್ಟೂ ಅದರ ಗುರುತು ಈ ಏರುಪೇರುಗಳಲ್ಲಿ ಮುಚ್ಚಿಹೋಗುತ್ತದೆ. ಇತ್ತ ಆಸ್ಟ್ರಿಯಾದ ವಿಯೆನ್ನಾದಲ್ಲಿ ಇಎಂಟೆನ್ಸರ್, ಆಸ್ಟ್ರೇಲಿಯಾದಲ್ಲಿ ಇಎಂವಿಷನ್ ಸಂಸ್ಥೆಗಳು ಇದೇ ತರಂಗಗಳಿಂದ ಮಿದುಳಿನ ಚಿತ್ರವನ್ನೇ ಪಡೆಯುವ ಯಂತ್ರಗಳನ್ನು ರೂಪಿಸಿ ರೋಗಿಗಳ ಮೇಲೆ ಪರೀಕ್ಷೆಗೆ ಒಡ್ಡಿವೆ.