ಹುಲಿಗಿಯಿಂದ ಡ್ಯಾಮಿನ ತನಕ: ಒಂದು ಬೆಳಗಿನ ನಡಿಗೆ

ಆಫ್ರಿಕಾದ ಎರಿಟ್ರಿಯಾ ದೇಶದ ರಾಜಧಾನಿ ಅಸ್ಮಾರಾಕ್ಕೆ ಹೋದವರು ಹಳೇ ಪೆಟ್ರೋಲ್ ಬಂಕ್ ಒಂದನ್ನ ನೋಡದೇ ಬರೋದಿಲ್ಲ ಅಂದ್ರೆ ನಂಬ್ತೀರಾ? ಇಟಲಿಯವರ ಆಳ್ವಿಕೆಯಲ್ಲಿ, 1938ರಲ್ಲಿ ಕಟ್ಟಿದ ಫಿಯೆಟ್ ಟಾಲಿಯೆರೊ ಅದು. ವಿಮಾನದ ಹಾಗೆ ರೆಕ್ಕೆ ಚಾಚಿ ನಿಂತಿದೆ. ಇಂಥ ಆಧುನಿಕ ಕಟ್ಟಡಗಳಿಂದಲೇ ಆ ಊರು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು.

ಆ ಕಾಲದ ಕಟ್ಟೋಣ ನಮ್ಮಲ್ಲೂ ಇದೆ, ನಾವು ಅದನ್ನ ಹಾಗೆ ನೋಡೋದಿಲ್ಲ ಅಷ್ಟೇ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನ ಮಾಡ್ತೀವಿ, ಮಿರ್ಚಿ-ಒಗ್ಗರಣಿ ತಿಂತೀವಿ, ಡ್ಯಾಮಿನ ಮುಂದೆ ಸೆಲ್ಫಿ ತಗೊಂಡು ವಾಪಸ್. ಈ ಸಲ ನಾನು ಆಟೋ ಬಿಟ್ಟು ಮುನಿರಾಬಾದಿನ ಕಡೆ ನಡೆದೇ ಹೊರಟೆ.

ಎರಡು ಸರ್ಕಾರ, ಒಂದು ಗೋಡೆ

ಆಗ ನದಿಯ ಈ ದಡ ಹೈದರಾಬಾದ್ ನಿಜಾಮರದ್ದು, ಆ ದಡ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ್ದು. 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆ ಆಯ್ತು. ಎಡ ಭಾಗ ಹೈದರಾಬಾದಿನವರು, ಬಲ ಭಾಗ ಮದ್ರಾಸಿನವರು ಕಟ್ಟುತ್ತಾ ಬಂದರು. ಕೆಲಸ ಮುಗಿಯೋ ಹೊತ್ತಿಗೆ, 1953ಕ್ಕೆ, ಬ್ರಿಟಿಷರೂ ಇರಲಿಲ್ಲ, ನಿಜಾಮರ ಆಳ್ವಿಕೆಯೂ ಇರಲಿಲ್ಲ.

ಕೆಳಗೆ ನಿಂತು ನೋಡಿದರೆ ಗೋಪುರವಿಲ್ಲ, ಕಮಾನಿಲ್ಲ, ಕೆತ್ತನೆಯಿಲ್ಲ. ನೇರ ಗೆರೆ, ಬರಿಗಲ್ಲು, ಒಂದೇ ಅಳತೆಯ 33 ಗೇಟು. ಕೆಲಸಕ್ಕೆ ಬೇಕಾದಷ್ಟೇ ರೂಪ. ಆಧುನಿಕ ವಾಸ್ತುಶೈಲಿ ಅಂತ ಜಗತ್ತು ಕರೆಯೋದು ಇದನ್ನೇ ಅಲ್ವಾ? ಆದರೆ ಇದರ ಒಡಲು ಹಳೇದು: ಸಿಮೆಂಟಿನ ಗಾರೆ ಅಲ್ಲ, ಸುಣ್ಣ ಮತ್ತು ಸುರ್ಕಿ, ಅಂದ್ರೆ ಸುಟ್ಟ ಇಟ್ಟಿಗೆಯ ಪುಡಿ. ಅದರಲ್ಲಿ ಕಲ್ಲು ಕೂಡಿಸಿ ಸುಮಾರು ಎರಡೂವರೆ ಕಿಲೋಮೀಟರ್ ಗೋಡೆ ಎಬ್ಬಿಸಿದ್ದಾರೆ. ಕಟ್ಟಿದ ಕೂಲಿಗಳ ಹೆಸರು ಯಾವ ಕಲ್ಲಿನ ಮೇಲೂ ನನಗೆ ಕಾಣಲಿಲ್ಲ.

ನೀರಿನ ಕೆಳಗಿನ ಊರುಗಳು

ದಾರಿಯಲ್ಲಿ ಚಹಾ ಕುಡೀತಾ ಕೂತಿದ್ದ ಅಜ್ಜಿಯೊಬ್ಬರನ್ನ ಮಾತಾಡಿಸಿದೆ. "ಡ್ಯಾಮ್ ಭಾಳ ಚಂದ ಐತಿ ಅಲ್ಲಬೇ?" ಅಂದೆ. "ಚಂದ ಐತಿ ತಮ್ಮಾ. ನಮ್ಮವ್ವನ ತವರುಮನಿ ಅದರ ನೀರಾಗ ಐತಿ" ಅಂದರು. ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗಿತ್ತು. ಸುಮಾರು 90 ಹಳ್ಳಿ ಮುಳುಗಿದವು. ಗಂಗಾವತಿಯ ಭತ್ತದ ಗದ್ದೆ ಹಸಿರಾಗಿರೋದು ಆ ನೀರಿನಿಂದಲೇ. ಎರಡೂ ನಿಜ, ಒಂದನ್ನ ಮರೆತು ಇನ್ನೊಂದನ್ನ ಹೊಗಳೋಕಾಗಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟ್ ಇಳಿಸೋ ತನಕ ಈ ಭಾಗದ ರೈತರಿಗೆ ನಿದ್ದೆ ಇರಲಿಲ್ಲ. 133 ಟಿಎಂಸಿಯ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಅಸ್ಮಾರಾದ ಬಂಕ್ ಹಾಳಾದರೆ ಒಂದು ನೆನಪು ಹೋದೀತು. ಇದು ಹಾಳಾದರೆ ಅನ್ನವೇ ಹೋಗುತ್ತೆ.

ನೀವೂ ಹೋಗ್ತೀರಾ?

ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದರೆ ಹುಲಿಗಿ ಪಕ್ಕದಲ್ಲೇ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ಜನಜಂಗುಳಿ ಕಡಿಮೆ. ಬಿಸಿಲೇರೋ ಮುಂಚೆ ಹೊರಡಿ, ನೀರಿನ ಬಾಟಲಿ ಇರಲಿ. ಭದ್ರತೆಯ ಕಾರಣಕ್ಕೆ ಎಲ್ಲ ಕಡೆ ಬಿಡೋದಿಲ್ಲ, ಕೇಳಿಕೊಂಡೇ ಮುಂದೆ ಹೋಗಿ. ದಾರಿಯಲ್ಲಿ ಹಿರಿಯರು ಸಿಕ್ಕರೆ "ನಿಮ್ಮ ಮೂಲ ಊರು ಯಾವುದ್ರಿ?" ಅಂತ ಒಂದು ಮಾತು ಕೇಳಿ.