ಬಿಟ್ಟ ಮೀನಿನ ಭಾವಚಿತ್ರ

ಹಿಡಿದ ಮೀನು ಸಾರಾಗಬೇಕು ಎಂಬುದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡದೆಯೇ ಎಲ್ಲರೂ ಕಲಿತಿದ್ದ ಪಾಠ. ಮಳವಳ್ಳಿಯ ಕಡೆಯ ಕಾವೇರಿ ತೀರದವರು ನಾವು. ಗಾಳ ಹಾಕಿದವನು ಸಂಜೆ ಬರಿಗೈಯಲ್ಲಿ ಬಂದರೆ ಅವನನ್ನು ನೋಡಿ ನಗುತ್ತಿದ್ದರು. ಮೀನು ತಂದರೆ ಮಸಾಲೆ ಅರೆಯಲು ಕೂರುತ್ತಿದ್ದರು. ಇವೆರಡರ ನಡುವೆ ಮೂರನೆಯ ಸಾಧ್ಯತೆಯೊಂದು ಇರಬಹುದೆಂದು ನನಗೆ ಅರವತ್ತು ದಾಟುವವರೆಗೂ ತೋಚಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮಗಳ ಮನೆಯಲ್ಲಿರಲೆಂದು ಇಂಗ್ಲೆಂಡಿಗೆ ಹೋಗಿದ್ದೆ. ಬೆಳಗಿನ ನಡಿಗೆಗೆ ಊರ ಹೊರಗಿನ ಕೊಳವೊಂದನ್ನು ಗೊತ್ತುಮಾಡಿಕೊಂಡಿದ್ದೆ. ಹಿಂದೆ ಜಲ್ಲಿ ತೆಗೆದ ಹಳ್ಳ, ಈಗ ನೀರು ನಿಂತು ಸುತ್ತ ಮರ ಬೆಳೆದು ಸರೋವರದ ಗಾಂಭೀರ್ಯ ಪಡೆದಿತ್ತು. ಅದರ ದಡದಲ್ಲಿ ಒಬ್ಬಾತ ಹಸಿರು ಗುಡಾರ ಹಾಕಿಕೊಂಡು ಎರಡು ರಾತ್ರಿಗಳಿಂದ ಕುಳಿತಿದ್ದ. ಮುಂದೆ ಮೂರು ಗಾಳದ ಕೋಲುಗಳು; ಪ್ರತಿಯೊಂದರ ದಾರವೂ ಒಂದು ಪುಟ್ಟ ವಿದ್ಯುತ್ ಕರೆಗಂಟೆಯ ಮೇಲೆ ಹಾಯ್ದುಹೋಗಿತ್ತು. ಮೂರನೆಯ ಬೆಳಗ್ಗೆ ನಾನು ಅಲ್ಲಿರುವಾಗಲೇ ಗಂಟೆ ಕಿರುಚಿತು. ಇಪ್ಪತ್ತು ನಿಮಿಷ ಎಳೆದಾಟ. ಕಡೆಗೆ ಅಗಲವಾದ ಬುಟ್ಟಿಬಲೆಗೆ ಮಗುವಿನಷ್ಟು ದಪ್ಪದ ಒಂದು ಮೀನು ಬಂತು. ಆತ ಅದನ್ನು ಒದ್ದೆಮಾಡಿದ ಮೆತ್ತನೆಯ ಹಾಸಿನ ಮೇಲೆ ಮಲಗಿಸಿ, ಕೊಕ್ಕೆ ಬಿಡಿಸಿ, ತುಟಿಯ ಗಾಯಕ್ಕೆ ಔಷಧ ಹಚ್ಚಿದ. ತೂಗಿದ. ಆಮೇಲೆ ನನ್ನ ಕೈಗೆ ಕ್ಯಾಮೆರಾ ಕೊಟ್ಟು, ತಾನು ಮಂಡಿಯೂರಿ ಮೀನನ್ನು ಎತ್ತಿಹಿಡಿದು, ಒತ್ತಿ ಎಂದ. ಆರು ಸಲ ಒತ್ತಿದೆ. ಆತ ನೀರಿಗಿಳಿದು ಮೀನನ್ನು ಬಿಟ್ಟ. ಬಾಲವೊಂದು ಬೀಸಿತು, ನೀರು ಕಲಕಿತು, ಮುಗಿಯಿತು.

“ಇನ್ನೇನು?” ಎಂದೆ ಪೆಚ್ಚಾಗಿ.

“ಇನ್ನೇನು? ಚಹ ಕುಡಿಯೋಣ” ಎಂದ.

ಚಹ ಕುಡಿಯುತ್ತ ಆರಂಭವಾದ ನನ್ನ ಕುತೂಹಲ ಇಂದಿನವರೆಗೂ ತಣಿದಿಲ್ಲ. ಆ ಮೀನು ನಮ್ಮವರಿಗೆ ಅಪರಿಚಿತವೇನಲ್ಲ. ನಮ್ಮ ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆಯವರು ಸಾಕುವ ಸಾಮಾನ್ಯ ಗೆಂಡೆಯೇ ಅದು. ಕಾಟ್ಲಾ, ರೋಹು ಮೊದಲಾದವು ಈ ನೆಲದ ಗೆಂಡೆಗಳಾದರೆ ಇದು ಹೊರಗಿನಿಂದ ಬಂದದ್ದು. 1939ರಲ್ಲಿ ಉದಕಮಂಡಲದ ನೀರಿಗೂ, 1957ರಲ್ಲಿ ಬೇರೊಂದು ತಳಿಯಾಗಿ ಬ್ಯಾಂಕಾಕಿನಿಂದಲೂ ಭಾರತಕ್ಕೆ ಬಂತು. ಇಂಗ್ಲೆಂಡಿಗೂ ಅದು ಪರದೇಶಿಯೇ. ಮಧ್ಯಯುಗದಲ್ಲಿ ಯೂರೋಪಿನ ಒಳನಾಡಿನಿಂದ ಊಟದ ಮೀನಾಗಿ ಬಂದು ಕೊಳಗಳನ್ನು ಸೇರಿತು. ಕಡಲಮೀನು ಎಲ್ಲೆಡೆ ಸುಲಭವಾಗಿ ಸಿಕ್ಕುವಂತಾದ ಮೇಲೆ ಊಟದ ಮೇಜಿನಿಂದ ಅದು ಸರಿದುಹೋಯಿತು. ಕೊಳಗಳಲ್ಲಿ ಮಾತ್ರ ಉಳಿದು ಬೆಳೆಯಿತು. ಬಾಯಿಯ ಬಳಿ ಎರಡು ಜೊತೆ ಮೀಸೆ, ಗಂಟಲಲ್ಲಿ ಹಲ್ಲು, ಹೊಟ್ಟೆಯ ಚೀಲವೇ ಇಲ್ಲದ ಉದ್ದನೆಯ ಕರುಳು, ಗಾಳಿಬುರುಡೆಗೂ ಒಳಗಿವಿಗೂ ನಡುವೆ ಪುಟ್ಟ ಮೂಳೆಗಳ ಸೇತುವೆಯಿರುವುದರಿಂದ ಬಲು ಸೂಕ್ಷ್ಮವಾದ ಶ್ರವಣ. ದಡದಲ್ಲಿ ಬೂಟು ಎಳೆದು ನಡೆದವನಿಗೆ ಗೆಂಡೆ ಸಿಕ್ಕದು.

ಅದನ್ನು ಗಾಳದಿಂದ ಹಿಡಿಯುವುದು ದೈವಾಧೀನವೆಂದೇ ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಮುರಿದವನು ರಿಚರ್ಡ್ ವಾಕರ್. 1952ರ ಸೆಪ್ಟೆಂಬರ್ 13ರಂದು ಹೆರೆಫರ್ಡ್‌ಷೈರಿನ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ ಆತ 44 ಪೌಂಡಿನ, ಎಂದರೆ ಸುಮಾರು 20 ಕಿಲೋ ತೂಕದ ಗೆಂಡೆಯನ್ನು ಹಿಡಿದ. ರಾತ್ರಿ ದಾರ ಅಲುಗಿದರೆ ಎಚ್ಚರಿಸುವ ವಿದ್ಯುತ್ ಸಾಧನವನ್ನು ರೂಪಿಸಿದವನೂ ಆತನೇ. ಇಷ್ಟು ದೊಡ್ಡ ಮೀನನ್ನು ಕೊಲ್ಲಲು ಮನಸ್ಸಾಗದೆ ಅವನು ಲಂಡನ್ನಿನ ಮೃಗಾಲಯಕ್ಕೆ ದೂರವಾಣಿ ಮಾಡಿದ. ಅವರು ಬಂದು ಕೊಂಡೊಯ್ದರು. ಕ್ಲಾರಿಸ್ಸಾ ಎಂಬ ಹೆಸರಿನಿಂದ ಅದು 1971ರವರೆಗೆ ಅಲ್ಲಿನ ಗಾಜಿನ ಕೊಳದಲ್ಲಿ ಬದುಕಿತ್ತು. ಮೀನು ಹಿಡಿದವನಿಗಿಂತ ಹಿಡಿಸಿಕೊಂಡ ಮೀನಿಗೇ ಹೆಚ್ಚು ಮಂದಿ ಸಂದರ್ಶಕರು ದೊರೆತರೆಂದು ನನ್ನ ಊಹೆ. ಆ ದಾಖಲೆಯನ್ನು 1980ರಲ್ಲಿ ಅದೇ ಕೊಳದಲ್ಲಿ ಕ್ರಿಸ್ ಯೇಟ್ಸ್ ಮೀರಿದ. 51 ಪೌಂಡಿನ ಆ ಮೀನು ಮೃಗಾಲಯಕ್ಕೆ ಹೋಗಲಿಲ್ಲ, ಕೊಳಕ್ಕೇ ಮರಳಿತು.

ಎರೆಯ ವಿಷಯದಲ್ಲಿ ನನಗೊಂದು ಬೆರಗು ಕಾದಿತ್ತು. ಗುಡಾರದವನ ಡಬ್ಬಿಯಲ್ಲಿದ್ದವು ಹಿಟ್ಟು, ಮೊಟ್ಟೆ ಕಲಸಿ ಉಂಡೆಮಾಡಿ ಕುದಿನೀರಿನಲ್ಲಿ ಬೇಯಿಸಿದ ಗೋಲಿಗಳು. ಚಿಕ್ಕ ಮೀನುಗಳು ಕುಟುಕಿ ಕರಗಿಸದಿರಲೆಂದು ಹೊರಮೈ ಗಟ್ಟಿಮಾಡುವ ಉಪಾಯ. ನಮ್ಮ ಕಾವೇರಿಯಲ್ಲಿ ದೊಡ್ಡ ಮೀನಿಗೆ ಹಾಕುವುದೂ ನಾದಿ ಬೇಯಿಸಿದ ರಾಗಿಹಿಟ್ಟಿನ ಉಂಡೆಯೇ ಎಂದೆ. ಆತ ರಾಗಿ ಎಂದರೇನು ಎಂದು ಕೇಳಿ, ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡ. ನಮ್ಮವರು ಉಂಡೆಯೊಳಗೆ ಕೊಕ್ಕೆಯನ್ನು ಹುದುಗಿಸುತ್ತಾರೆ. ಅವರಲ್ಲಿ ಕೊಕ್ಕೆ ಬರಿದಾಗಿಯೇ ಇರುತ್ತದೆ, ಗೋಲಿಯು ಅದಕ್ಕೆ ಕಟ್ಟಿದ ಕೂದಲೆಳೆಯಂಥ ದಾರದಲ್ಲಿ ತೂಗುತ್ತದೆ. ಗೆಂಡೆ ಆಹಾರವನ್ನು ಹೀರಿ, ಪರೀಕ್ಷಿಸಿ, ಅನುಮಾನ ಬಂದರೆ ಉಗುಳುತ್ತದೆ. ಉಗುಳುವಾಗ ಬರಿದಾದ ಕೊಕ್ಕೆ ತುಟಿಗೆ ನಾಟುತ್ತದೆ. ಸಂಶಯವೇ ಅದನ್ನು ಸಿಕ್ಕಿಹಾಕಿಸುವ ಈ ತಂತ್ರ 1980ರ ಆಸುಪಾಸಿನಲ್ಲಿ ಬಂದಮೇಲೆ ಅಲ್ಲಿ ಗೆಂಡೆ ಹಿಡಿಯುವುದರ ಸ್ವರೂಪವೇ ಬದಲಾಯಿತು.

ಇನ್ನು ಭಾವಚಿತ್ರ. ಮೀನನ್ನು ಬಿಟ್ಟುಬಿಡುವುದಾದರೆ ಸಾಕ್ಷಿ ಅದೊಂದೇ; ಆದ್ದರಿಂದ ಅದಕ್ಕೊಂದು ಶಾಸ್ತ್ರವೇ ಬೆಳೆದಿದೆ. ಮೀನು ಇನ್ನೂ ನೀರಿನ ಬಲೆಯಲ್ಲಿರುವಾಗಲೇ ಎಲ್ಲ ಸಿದ್ಧತೆ ಮುಗಿಯಬೇಕು. ತಾನು ಮಂಡಿಯೂರುವ ಕಡೆ ಒಂದು ಕಡ್ಡಿ ನೆಟ್ಟು ಅದಕ್ಕೆ ಕ್ಯಾಮೆರಾದ ನೋಟವನ್ನು ಹೊಂದಿಸಿಡಬೇಕು. ಕೈ ಒದ್ದೆಯಿರಬೇಕು, ಏಕೆಂದರೆ ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಆ ಲೋಳೆಯೇ ಮೀನಿಗೆ ರೋಗ ತಡೆಯುವ ಕವಚ. ಎಂದಿಗೂ ನಿಂತುಕೊಂಡು ಹಿಡಿಯಬಾರದು. ಒದರಿ ಬಿದ್ದರೆ ಹಾಸಿನ ಮೇಲೆಯೇ ಬೀಳುವಷ್ಟು ತಗ್ಗಿನಲ್ಲಿರಬೇಕು. ಒಂದು ಅಂಗೈ ಎದೆಯ ರೆಕ್ಕೆಗಳ ಹಿಂದೆ, ಇನ್ನೊಂದು ಬಾಲದ ಕಡೆಯ ರೆಕ್ಕೆಯ ಬಳಿ. ಕಿವಿರಿಗೆ ಬೆರಳು ಸೋಕಕೂಡದು. ಒದ್ದೆ ಹುರುಪೆ ಕನ್ನಡಿಯಂತೆ ಹೊಳೆದು ಚಿತ್ರವನ್ನು ಕೆಡಿಸುವುದರಿಂದ ಎಳೆಬಿಸಿಲೋ ನೆರಳೋ ಉತ್ತಮ. ತೋಳು ಚಾಚಿ ಮೀನನ್ನು ಕ್ಯಾಮೆರಾದತ್ತ ಮುಂದೊಡ್ಡಿದರೆ ಹತ್ತು ಪೌಂಡಿನದು ಇಪ್ಪತ್ತರಂತೆ ಕಾಣುತ್ತದೆ. ಈ ಕೈಚಳಕವನ್ನು ಎಲ್ಲರೂ ಬಲ್ಲರು. ಎಲ್ಲರೂ ಮತ್ತೊಬ್ಬರಲ್ಲಿ ಅದನ್ನು ಕಂಡು ನಗುತ್ತಾರೆ. ಮದುವೆಯ ಮಾತುಕತೆಗೆ ಕಳಿಸುವ ಭಾವಚಿತ್ರಗಳ ನೆನಪು ನನಗೆ ಬಾರದಿರಲಿಲ್ಲ.

ಆತ ಎರಡೂ ಪಕ್ಕಗಳ ಚಿತ್ರ ತೆಗೆಸಿಕೊಂಡದ್ದು ಏಕೆಂದು ಕೇಳಿದೆ. ಗೆಂಡೆಯಲ್ಲಿ ಕನ್ನಡಿ ಗೆಂಡೆ ಎಂಬ ಬಗೆಯಿದೆ. ಅದರ ಮೈಯೆಲ್ಲ ಹುರುಪೆ ಇರದೆ ಅಲ್ಲಲ್ಲಿ ದೊಡ್ಡ ದೊಡ್ಡ ಹುರುಪೆಗಳು ಚದರಿಕೊಂಡಿರುತ್ತವೆ. ಆ ವಿನ್ಯಾಸ ಒಂದು ಮೀನಿನದು ಇನ್ನೊಂದಕ್ಕಿಲ್ಲ, ಎಡಪಕ್ಕದ್ದು ಬಲಪಕ್ಕಕ್ಕಿಲ್ಲ, ಮೀನು ಬೆಳೆದರೂ ಅದು ಬದಲಾಗುವುದಿಲ್ಲ. ನಮ್ಮ ಹೆಬ್ಬೆರಳ ಗುರುತಿನಂತೆ. ಹಳೆಯ ಚಿತ್ರದೊಡನೆ ಹೋಲಿಸಿದರೆ, ಹತ್ತು ವರ್ಷದ ಕೆಳಗೆ ಇದನ್ನು ಯಾರು ಹಿಡಿದಿದ್ದರು, ಆಗ ಎಷ್ಟು ತೂಗಿತ್ತು ಎಂಬುದೆಲ್ಲ ತಿಳಿಯುತ್ತದೆ. ಹೀಗೆ ಮೀನಿಗೆ ಚರಿತ್ರೆ ಬಂತು. ಚರಿತ್ರೆಯ ಜೊತೆಗೆ ಹೆಸರೂ ಬಂತು. ಬೆನ್ಸನ್ ಎಂಬ ಹೆಸರಿನ 64 ಪೌಂಡಿನ ಗೆಂಡೆಯೊಂದು 2009ರಲ್ಲಿ ಸತ್ತಾಗ ಅಲ್ಲಿನ ಪತ್ರಿಕೆಗಳು ಗಣ್ಯರಿಗೆ ಬರೆಯುವಂತೆ ನಿಧನವಾರ್ತೆ ಬರೆದವು. ಅರವತ್ತಕ್ಕೂ ಹೆಚ್ಚು ಸಲ ಅದು ಗಾಳಕ್ಕೆ ಸಿಕ್ಕಿ ಬಿಡುಗಡೆ ಪಡೆದಿತ್ತಂತೆ.

ಅರವತ್ತು ಸಲ! ಇದನ್ನು ಕೇಳಿದಾಗ ನನ್ನ ಚಹ ತುಸು ಕಹಿಯಾಯಿತು. ತಿನ್ನುವುದಕ್ಕಾಗಿ ಒಮ್ಮೆ ಕೊಲ್ಲುವುದಕ್ಕಿಂತ ಚಿತ್ರಕ್ಕಾಗಿ ಅರವತ್ತು ಸಲ ಕೊಕ್ಕೆಗೆ ಸಿಕ್ಕಿಸುವುದು ದಯೆಯೆ? ಮೀನಿಗೆ ನೋವೇ ಇಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿ ನೋಡಿದಾಗ, ಅವು ಆಹಾರ ಬಿಟ್ಟು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಸ್ವಿಟ್ಜರ್‌ಲೆಂಡಿನಲ್ಲಂತೂ, ಬಿಡಬೇಕೆಂಬ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು 2009ರಿಂದ ನಿಷೇಧಿಸಿದ್ದಾರೆ. ನನ್ನ ಆತಿಥೇಯನಿಗೆ ಈ ಪ್ರಶ್ನೆ ಹಾಕಿದೆ. ಆತ ಬಹಳ ಹೊತ್ತು ನೀರು ನೋಡಿದ. “ಉತ್ತರವಿದ್ದರೆ ಮನೆಯಲ್ಲೇ ಇರುತ್ತಿದ್ದೆನೇನೋ” ಎಂದ. ಅದು ಪ್ರಾಮಾಣಿಕವಾದ ಮಾತೆನಿಸಿತು. ನನಗೂ ಇದುವರೆಗೆ ಅದಕ್ಕಿಂತ ಮುಂದೆ ಹೋಗಲಾಗಿಲ್ಲ.

ಆದರೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ ಎಂಬುದು ತಿಳಿದದ್ದು ನಮ್ಮ ಕಾವೇರಿಯ ಕಥೆಯನ್ನು ಓದಿದ ಮೇಲೆ. ಮಹಸೀರ್ ಕೂಡ ಗೆಂಡೆಯ ಕುಲಕ್ಕೇ ಸೇರಿದ ಮೀನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಗಿ ಆ ಮೀನಿಗೆ ಲೋಕಖ್ಯಾತಿ ತಂದಿತು. ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ತುಂಬುತ್ತಿದ್ದ ವಾನ್ ಇಂಗನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಸುಮಾರು 54 ಕಿಲೋ. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಯುವಕರು ಶಿವನಸಮುದ್ರದ ಕೆಳಗಿನ ಕಾವೇರಿಗೆ ಬಂದು ಈ ದೈತ್ಯಮೀನು ಇನ್ನೂ ಉಳಿದಿದೆಯೆಂದು ತೋರಿಸಿದರು. ಆಮೇಲೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಬಿಡಾರಗಳಾದವು. ಅಲ್ಲಿನ ನಿಯಮವೂ ಅದೇ: ಹಿಡಿ, ತೂಗು, ಚಿತ್ರ ತೆಗೆ, ಬಿಡು. ವನ್ಯಜೀವಿ ಕಾನೂನಿನ ಕಾರಣದಿಂದ ಅಭಯಾರಣ್ಯದೊಳಗಿನ ಈ ಹವ್ಯಾಸ 2012ರಲ್ಲಿ ನಿಂತಿತು.

ಗಾಳಿಬೋರೆಯಲ್ಲಿ ಗಾಳ ಹಾಕಿದವರು ಪ್ರತಿದಿನದ ಲೆಕ್ಕ ಬರೆದಿಟ್ಟಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳಲ್ಲಿ 23,000 ಗಂಟೆಗೂ ಮಿಕ್ಕಿದ ಕಾಯುವಿಕೆ, 6,000ಕ್ಕೂ ಹೆಚ್ಚು ಮೀನುಗಳ ತೂಕ ದಾಖಲಾಗಿದ್ದವು. ಸಂಶೋಧಕರು ಅವನ್ನು ಬಿಡಿಸಿ ನೋಡಿದರು. ಕಾವೇರಿಯ ಸ್ವಂತದ್ದಾದ, ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಸೀರ್ ವರ್ಷವರ್ಷಕ್ಕೆ ವಿರಳವಾಗುತ್ತಿತ್ತು. ಸಿಕ್ಕಿದವು ಮಾತ್ರ ಮೊದಲಿಗಿಂತ ಹೆಚ್ಚು ದಪ್ಪ. ಅಂದರೆ ಮುದಿಮೀನುಗಳೇ ಉಳಿದಿವೆ, ಮರಿಗಳು ಬರುತ್ತಿಲ್ಲ. ಅದರ ಜಾಗವನ್ನು ತುಂಬುತ್ತಿದ್ದುದು ನೀಲಿ ರೆಕ್ಕೆಯ ಇನ್ನೊಂದು ಮಹಸೀರ್. ಮಹಸೀರ್ ಕುಲವನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ ಲೋನಾವಳದಲ್ಲಿ ಮರಿಮಾಡಿ ಹಲವು ನದಿಗಳಿಗೆ ಬಿಟ್ಟ ಜಾತಿ ಅದು. ಒಂದನ್ನು ಉಳಿಸಹೊರಟ ಕೈಯೇ ಇನ್ನೊಂದನ್ನು ಅಂಚಿಗೆ ತಳ್ಳಿತ್ತು.

ಇದಕ್ಕಿಂತ ಸೋಜಿಗದ ಸಂಗತಿ ಮುಂದಿದೆ. ಒಂದೂವರೆ ಶತಮಾನ ಲೋಕವೆಲ್ಲ ಹೊಗಳಿದ ಆ ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವೇ ಇರಲಿಲ್ಲ. 1839ರಲ್ಲಿ ಕರ್ನಲ್ ಸೈಕ್ಸ್ ಬೇರಾವುದೋ ಮೀನಿಗೆ ಇಟ್ಟಿದ್ದ ಹೆಸರನ್ನು ಇದಕ್ಕೆ ತಪ್ಪಾಗಿ ಅಂಟಿಸಿಕೊಂಡು ಬಂದಿದ್ದರು. ಹೆಸರಿಲ್ಲದ ಜೀವಿಗೆ ಅಳಿವಿನಂಚಿನ ಪಟ್ಟಿಯಲ್ಲಿ ಜಾಗವಿಲ್ಲ, ಹೆಸರಿಡಲು ಮಾದರಿ ಬೇಕು, ಹಿಡಿದವರೆಲ್ಲ ಬಿಟ್ಟಿದ್ದರು. ಕಡೆಗೆ ಕಾವೇರಿಯ ಉಪನದಿ ಮೊಯಾರಿನಲ್ಲಿ ಸಿಕ್ಕ ಕೆಲವು ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ಹೊಳೆಯಿಂದ ಅದಾಗಲೇ ವಿವರಿಸಿದ್ದ, ಮತ್ಸ್ಯಶಾಸ್ತ್ರಜ್ಞೆ ರೆಮಾದೇವಿಯವರ ಹೆಸರು ಹೊತ್ತ ‘ಟಾರ್ ರೆಮಾದೇವಿ’ಯೇ ಇದು ಎಂದು 2018ರಲ್ಲಿ ಸಾರಿದರು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹಿಂದೆ ಅದು ಎಲ್ಲೆಲ್ಲಿತ್ತು, ಎಷ್ಟು ಗಾತ್ರದ್ದಿತ್ತು ಎಂಬುದಕ್ಕೆ ಇಂದು ಹವ್ಯಾಸಿಗಳ ದಿನಚರಿಯೂ ಅವರ ಹಳೆಯ ಭಾವಚಿತ್ರಗಳೂ ಅಮೂಲ್ಯ ಆಧಾರ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಶಿವನಸಮುದ್ರದ ವಿದ್ಯುದಾಗಾರದಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ ಭಾನುವಾರಗಳಲ್ಲಿ ಗಾಳ ಹಾಕುತ್ತಿದ್ದರು. ಅವರ ಹಜಾರದಲ್ಲಿ, ದೇವರ ಪಟಗಳ ಸಾಲಿನ ಕೊನೆಯಲ್ಲಿ, ಕಟ್ಟುಹಾಕಿಸಿದ ಒಂದು ಚಿತ್ರ ಇತ್ತು. ಇಬ್ಬರು ಹೆಗಲ ಮೇಲೆ ಬಿದಿರ ಬೊಂಬು ಹೊತ್ತಿದ್ದಾರೆ. ನಡುವೆ ತೂಗುವ ಮೀನಿನ ಬಾಲ ನೆಲ ಮುಟ್ಟುತ್ತಿದೆ. ತಲೆಯ ಹಿಂದೆಯೇ ಎದ್ದ ಗೂನು. ಪಕ್ಕದಲ್ಲಿ ಕೋಟು ತೊಟ್ಟ ಮಾವ. ಆ ಮೀನನ್ನು ವಸತಿಯ ಹದಿನಾಲ್ಕು ಮನೆಯವರು ತಿಂದರಂತೆ. “ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೋ? ಅದಕ್ಕೇ ಪಟ ಹೊಡೆಸ್ದೆ” ಎನ್ನುತ್ತಿದ್ದರು.

ಅವರು ತೀರಿದ ಮೇಲೆ, 1994ರಲ್ಲಿ, ಮನೆ ಖಾಲಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ದೇವರ ಪಟಗಳನ್ನು ಇಟ್ಟುಕೊಂಡೆ. ಗೆದ್ದಲು ತಾಕಿದ ಮಿಕ್ಕ ಕಟ್ಟುಗಳನ್ನು ಗುಜರಿಯವನಿಗೆ ಕೊಟ್ಟೆ, ಮೀನಿನದೂ ಅವುಗಳಲ್ಲಿತ್ತು.

ಗುಡಾರದ ಗೆಳೆಯ ನಾನು ಒತ್ತಿದ ಆರು ಚಿತ್ರಗಳಲ್ಲಿ ಒಂದನ್ನು ಅಂಚೆಯಲ್ಲಿ ಕಳಿಸಿದ್ದಾನೆ. ನನ್ನ ಮೇಜಿನ ಮೇಲಿದೆ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಖು, ಹೊತ್ತು, ತೂಕ, ಗಾಳಿಯ ದಿಕ್ಕು, ನೀರಿನ ಬಿಸುಪು ಎಲ್ಲವನ್ನೂ ಬರೆದಿದ್ದಾನೆ. ಮಾವನ ಪಟದ ಬೆನ್ನಿಗೆ ಏನು ಬರೆದಿತ್ತೋ, ನಾನು ತಿರುಗಿಸಿ ನೋಡಿರಲಿಲ್ಲ.